ಜೀರ್ಣೋದ್ಧಾರದ ಕಾಲದಲ್ಲಿ ಒಂದು ಕುತ್ತಿಗೆ

...ಅಥವಾ ಅದು ಎಡಗೈ ಆಗಿದ್ದಿರಬಹುದು. ಮಗನ ಜೋತುಬಿದ್ದ ಕೈಯನ್ನು ಇಷ್ಟು ವರ್ಷ ಬಲಗೈ ಎಂದೇ ಹೇಳಿಕೊಂಡು ಬಂದಿದ್ದೇನೆ. ಕೇಳಿದವರಿಗೆ ನನ್ನ ಬಲಗೈಯನ್ನೇ ಜೋಲುಬಿಟ್ಟು ತೋರಿಸಿದ್ದೇನೆ: ಹೀಗೆ, ಹಿಂಡದೆ ಹಗ್ಗಕ್ಕೆ ಹಾಕಿದ ಟವೆಲಿನ ಹಾಗೆ. ಮೊನ್ನೆ ನನ್ನ ಗಂಡ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ, "ಎಡಗೈ ಕಣೇ ಅದು," ಎಂದುಬಿಟ್ಟರು.

ಅವರ ಮಾತು ಸರಿಯಿರಲಿಕ್ಕೆ ಸಾಕು. ಮಗ ಮೈದಾನದಿಂದ ನಮ್ಮ ಕಡೆ ಮುಖ ಮಾಡಿ ನಡೆದು ಬರುತ್ತಿದ್ದ. ಎದುರಿಗೆ ಬರುವವನ ಎಡ ನಮ್ಮ ಬಲಕ್ಕೆ ಕಾಣುತ್ತದೆ. ಇದು ಬೇರೆ ಯಾರಿಗೆ ಮರೆತರೂ ನನಗೆ ಮರೆಯಬಾರದು. ಎಕ್ಸ್-ರೇ ಫಿಲ್ಮುಗಳನ್ನು ಓದಿ ವರದಿ ಬರೆಯುವುದೇ ನನ್ನ ಉದ್ಯೋಗವಾಗಿತ್ತು. ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಾಗ ರೋಗಿ ನಮ್ಮೆದುರು ನಿಂತ ಹಾಗೆ. ಅವನ ಬಲ ನಮ್ಮ ಎಡ. ತರಬೇತಿಯ ಮೊದಲ ವಾರದ ಪಾಠ ಅದು. ಸಾವಿರಾರು ಅಪರಿಚಿತರ ಎಡ-ಬಲ ತಪ್ಪದವಳು ಹೆತ್ತ ಮಗನದ್ದನ್ನೇ ತಪ್ಪಿಸಿದೆನೇ? ಆದರೆ ನನ್ನ ಗಂಡ ಆ ಹೊತ್ತಿಗೆ ಕಡಲೆಕಾಯಿ ತರಲು ಹೋಗಿದ್ದರು ಎಂಬುದೂ ನನ್ನ ನೆನಪಿನಲ್ಲಿದೆ. ಅಲ್ಲಿ ಇಲ್ಲದವರಿಗೆ ಎಡಗೈ ಹೇಗೆ ಕಂಡಿತು?

ಕೈ ಯಾವುದಾದರೂ ಇರಲಿ, ಹೆದರಿಕೆ ಮಾತ್ರ ನಿಜ, ಎಂದು ಬರೆದು ಈಗಷ್ಟೇ ಹೊಡೆದು ಹಾಕಿದೆ. ಆ ಹೆದರಿಕೆಯನ್ನೂ ಎಷ್ಟು ಸಲ ತಿದ್ದಿ ಬರೆದಿದ್ದೇನೋ. ನಡೆದದ್ದನ್ನು ನಡೆದ ಕ್ರಮದಲ್ಲಿ ಇಡುತ್ತೇನೆ. ಎಲ್ಲಿ ತೀರ ಚೆನ್ನಾಗಿ ಹೊಂದಿಕೊಳ್ಳುತ್ತದೋ ಅಲ್ಲಿ ನನ್ನನ್ನು ನಂಬಬೇಡಿ.

ತೊಂಬತ್ತರ ದಶಕ, ಅಮೆರಿಕ. ನಾವು ಫೇರ್‌ಫ್ಯಾಕ್ಸ್‌ನಲ್ಲಿದ್ದೆವು. ನನ್ನ ಆಸ್ಪತ್ರೆ ಮನೆಗೆ ಹತ್ತಿರ. ಗಂಡ ಬೆಳಿಗ್ಗೆ ಮೆಟ್ರೋ ಹತ್ತಿ ವಾಷಿಂಗ್ಟನ್ನಿಗೆ ಹೋಗುತ್ತಿದ್ದರು. ಬೇರೆ ದೇಶಗಳ ಸೇತುವೆ, ಅಣೆಕಟ್ಟುಗಳ ಯೋಜನೆ ನೋಡುವ ಎಂಜಿನಿಯರು. ಒಬ್ಬನೇ ಮಗ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಹಿಡಿದ. ಈ ದೇಶದ ಫುಟ್‌ಬಾಲ್. ಅದರಲ್ಲಿ ಕಾಲಿಗಿಂತ ಕೈ, ಕೈಗಿಂತ ಭುಜ, ಭುಜಕ್ಕಿಂತ ತಲೆ ಹೆಚ್ಚು ಕೆಲಸ ಮಾಡುತ್ತದೆ. ಚೆಂಡು ಹಿಡಿದು ಓಡಿ ಬರುವವನನ್ನು ನೆಲಕ್ಕೆ ಕೆಡವುವುದು ನನ್ನ ಮಗನ ಪಾಲಿನ ಕೆಲಸ. ಸ್ಕೂಲು ಮುಗಿದ ಮೇಲೆ ಬಿಡುತ್ತಾನೆ ಎಂದುಕೊಂಡೆವು. ಅವನು ಉತ್ತರ ಕೆರೊಲಿನಾದ ಒಂದು ಸಣ್ಣ ಕಾಲೇಜು ಸೇರಿದ, ಅಲ್ಲಿನ ತಂಡವನ್ನೂ ಸೇರಿದ.

ತಂಡ ಸೋಲುತ್ತಿತ್ತು. ಬಿಡುವಿಲ್ಲದೆ, ಒಂದು ಬಗೆಯ ನಿಷ್ಠೆಯಿಂದ ಸೋಲುತ್ತಿತ್ತು. ನಮ್ಮ ಕಡೆಯವರು ಸೇರಿದಲ್ಲೆಲ್ಲ ಅದೊಂದು ಬಾಯಿಚಪಲದ ವಿಷಯವಾಯಿತು. ಯುಗಾದಿಯ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಒಬ್ಬರು, ಹೃದ್ರೋಗ ತಜ್ಞರು, ಗಟ್ಟಿಯಾಗಿ ಕೇಳಿದರು:

"ಏನ್ ಡಾಕ್ಟ್ರೇ, ನಿಮ್ಮ ಹುಡುಗನ ಟೀಮು ಒಂದಾದ್ರೂ ಗೆಲ್ತಾ ಈ ವರ್ಷ?"

"ಒಂದು ಗೆದ್ರು, ಅಂಕಲ್‌ಗೆ ಗೊತ್ತಿಲ್ಲ ಅನ್ಸುತ್ತೆ," ಎಂದು ನನ್ನ ಗಂಡ ನಕ್ಕರು. ತಮಗಿಂತ ನಾಲ್ಕೇ ವರ್ಷ ದೊಡ್ಡವರನ್ನು ಅಂಕಲ್ ಎಂದದ್ದೇ ಅವರ ಏಟು.

"ಅಲ್ಲ ಮಾರಾಯ್ರೇ, ಬೇರೆಯವರ ಮಕ್ಕಳು ಮೆಡಿಕಲ್ ಓದ್ತಾರೆ. ನಿಮ್ಮವನು ಮೆಡಿಕಲ್‌ಗೆ ಕೇಸ್ ಸಪ್ಲೈ ಮಾಡ್ತಾನೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಗನ ಎರಡನೆಯ ವರ್ಷಕ್ಕೆ ಹೊಸ ಕೋಚ್ ಬಂದರು. ಆಗಸ್ಟಿನ ಒಂದು ಮಧ್ಯಾಹ್ನ ಆಟಗಾರರ ತಂದೆತಾಯಿಗಳನ್ನು ಕರೆಸಿ, ಲೆಮನೇಡು ಕೊಟ್ಟು, ಮಾತಾಡಿದರು. ದಪ್ಪ ಮನುಷ್ಯ, ಮೃದು ದನಿ. ಅವರಿಗೆ ಕುತ್ತಿಗೆಯೇ ಇರಲಿಲ್ಲ. ತಲೆಯನ್ನು ನೇರವಾಗಿ ಭುಜದ ಮೇಲೆ ಇಟ್ಟ ಹಾಗಿತ್ತು. ನಾನು ಕುತ್ತಿಗೆಗಳನ್ನೇ ನೋಡುವವಳು, ಆದ್ದರಿಂದ ಇದು ನೆನಪಿದೆ. ಅವರು ಹೇಳಿದ್ದು ಇಷ್ಟು: ತಂಡವನ್ನು ಬುಡದಿಂದ ಮತ್ತೆ ಕಟ್ಟಬೇಕು, ಮೂರು ವರ್ಷ ಬೇಕು, ತಾಳ್ಮೆ ಇರಲಿ. ನಿಮ್ಮ ಹುಡುಗರನ್ನು ಗೆಲ್ಲಿಸುತ್ತೇನೆ ಎಂದು ಮಾತು ಕೊಡಲಾರೆ, ಅವರನ್ನು ನನ್ನ ಮಕ್ಕಳ ಹಾಗೆ ನೋಡಿಕೊಳ್ಳುತ್ತೇನೆ. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡ ಮಾಡಿದ್ದೇನೆ. ಕನ್ನಡದಲ್ಲಿ ಅವರು ಇನ್ನಷ್ಟು ಒಳ್ಳೆಯವರಾಗಿ ಕೇಳಿಸುತ್ತಾರೆ. ಇದೂ ಒಂದು ಸುಳ್ಳೇ.

ಹಿಂದಿರುಗುವಾಗ ಕಾರಿನಲ್ಲಿ ನನ್ನ ಗಂಡ ಹುರುಪಾಗಿದ್ದರು. "ರಿಬಿಲ್ಡಿಂಗ್ ಅಂದ್ರೆ ಏನು ಗೊತ್ತೇನೇ? ಜೀರ್ಣೋದ್ಧಾರ."

ನಾನು ಕೇಳಿದೆ: "ಹಾಗಾದ್ರೆ ದೇವರನ್ನ ಎಲ್ಲಿ ಇಟ್ಟಿದಾರೆ?"

ಹಳೆಯ ಗುಡಿಯನ್ನು ಬಿಚ್ಚಿ ಕಟ್ಟುವಾಗ ದೇವರನ್ನು ಅಲ್ಲೇ ಬಿಡುವುದಿಲ್ಲ. ಪಕ್ಕದಲ್ಲಿ ಬಾಲಾಲಯ ಎಂದು ಒಂದು ಸಣ್ಣ ತಾತ್ಕಾಲಿಕ ಗುಡಿ ಮಾಡಿ, ದೇವರನ್ನು ಅದಕ್ಕೆ ಸಾಗಿಸಿ, ಕಲ್ಲುಕೆಲಸ ಮುಗಿಯುವ ತನಕ ಪೂಜೆಯೆಲ್ಲ ಅಲ್ಲೇ. ಮೇಲಿಂದ ಕಲ್ಲು ಬಿದ್ದೀತು ಎಂಬ ಎಚ್ಚರ ಅದು.

"ಆಡಿಸದೆ ಬೆಂಚಿನ ಮೇಲೆ ಕೂರಿಸಿದಾರಲ್ಲ ನಮ್ಮ ದೇವರನ್ನ. ಅದೇ ಬಾಲಾಲಯ," ಎಂದರು ಗಂಡ.

ಅಲ್ಲೇ ಇರಲಿ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಅಲ್ಲೇ ಇರಲಿ, ಜೀರ್ಣೋದ್ಧಾರ ಎಂದಿಗೂ ಮುಗಿಯದಿರಲಿ. ನನ್ನ ತಾಳ್ಮೆಗೆ ಕೊನೆಯಿರಲಿಲ್ಲ. ತಂಡ ಸೋಲುತ್ತಿದ್ದಷ್ಟು ದಿನ, ಮಗ ಬೆಂಚಿನ ಮೇಲಿದ್ದಷ್ಟು ದಿನ, ನನ್ನಷ್ಟು ತಾಳ್ಮೆಯ ಅಭಿಮಾನಿ ಆ ಕಾಲೇಜಿಗೆ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಅವನನ್ನು ಬೆಂಚಿನಿಂದ ಎಬ್ಬಿಸಿದರು.

ಅಲ್ಲಿಂದ ಶನಿವಾರಗಳು ಶುರು. ಬೆಳಕು ಹರಿಯುವ ಮೊದಲು ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಡ್ರೈವ್. ನಾನು ಮಡಿಲಲ್ಲಿ ಮೊಸರನ್ನದ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದೆ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ. ಸ್ಟೇಡಿಯಮ್ಮಿನ ಹೊರಗೆ ಉಳಿದ ತಂದೆತಾಯಿಗಳು ಪಿಕಪ್ಪುಗಳ ಹಿಂಬಾಗಿಲು ತೆರೆದು ತಿಂಡಿ ಹರಡುವರು. ಅಲ್ಲಿನವರು ಹಸಿ ಕಡಲೆಕಾಯಿಯನ್ನು ಉಪ್ಪು ನೀರಿನಲ್ಲಿ ಬೇಯಿಸಿ ತಿನ್ನುತ್ತಾರೆ, ಥೇಟು ನಮ್ಮ ಬಸವನಗುಡಿಯ ಹಾಗೆ. ಉಳಿದ ಅಮೆರಿಕದಲ್ಲಿ ಎಲ್ಲೂ ಕಾಣದ ಈ ಪದಾರ್ಥವನ್ನು ಕಂಡು ನನ್ನ ಗಂಡ ಆ ಊರಿಗೇ ಒಲಿದುಬಿಟ್ಟರು. ಸಿಪ್ಪೆ ಬಿಡಿಸುತ್ತ, ಒಬ್ಬ ಟ್ರಕ್ ಚಾಲಕನ ಜೊತೆ, ತಂಡದ ಬಲಹೀನತೆಯ ಬಗ್ಗೆ ಗಂಟೆಗಟ್ಟಲೆ ಮಾತು. ಮೂರು ವರ್ಷ ಕೊಡಬೇಕು. ಪಾಯ ಮುಖ್ಯ. ಅವಸರ ಮಾಡಿದ ಸೇತುವೆ ನಿಲ್ಲಲ್ಲ.

ನಾನು ಆಟ ನೋಡುತ್ತಿರಲಿಲ್ಲ. ಎಣಿಸುತ್ತಿದ್ದೆ. ಹತ್ತು ಹನ್ನೆರಡು ಜನ ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾದಾಗ ಮಗ ಅದರೊಳಗೆ ಎಲ್ಲೋ ಇರುತ್ತಿದ್ದ. ಅವರು ಒಬ್ಬೊಬ್ಬರಾಗಿ ಏಳುವಾಗ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸುವೆ. ಆರರೊಳಗೆ ಅವನು ಎದ್ದರೆ ಉಸಿರು ಬಿಡುವೆ. ಏಳಕ್ಕೆ ಎದ್ದ ದಿನಗಳಿವೆ. ಒಂದು ಶನಿವಾರಕ್ಕೆ ಹೀಗೆ ಐವತ್ತು ಅರವತ್ತು ಸಲ.

ಕೋಚ್ ಒಮ್ಮೆ ನನ್ನ ಹತ್ತಿರ ಬಂದು ಒಂದು ಮಾತು ಹೇಳಿದರು. ಇದು ತೀರ ಚೆನ್ನಾಗಿ ಹೊಂದುತ್ತದೆ, ಆದ್ದರಿಂದ ಅನುಮಾನದಿಂದಲೇ ಬರೆಯುತ್ತೇನೆ. "ಡಾಕ್ಟರ್, ನಿಮ್ಮ ಹುಡುಗನಿಗೆ ಮನೆಯಲ್ಲಿ ಏನು ಕಲಿಸಿದೀರಿ? ಡಿಕ್ಕಿ ಹೊಡೆಯೋ ಮುಂಚೆ ತಲೆ ತಗ್ಗಿಸ್ತಾನೆ. ದಿನಕ್ಕೆ ನೂರು ಸಲ ಹೇಳ್ತೀನಿ, ತಲೆ ಎತ್ತು, ತಲೆ ಎತ್ತು ಅಂತ. ತಲೆ ತಗ್ಗಿಸಿದವರ ಕುತ್ತಿಗೆ ಮುರಿಯುತ್ತೆ."

ನಾವು ಕಲಿಸಿದ್ದು ಅದನ್ನೇ. ದೊಡ್ಡವರ ಎದುರು ತಗ್ಗಿ ಬಗ್ಗಿ ನಡೀಬೇಕು ಕಂದಾ, ತಲೆ ಎತ್ತಿ ಮಾತಾಡಬಾರದು. ಆ ರಾತ್ರಿಯ ಊಟದಲ್ಲಿ ಗಂಡ ಈ ಕತೆ ಕೇಳಿ ನಕ್ಕದ್ದು ನೆನಪಿದೆ. ಮಾರನೆಯ ದಿನ ಫೋನಿನಲ್ಲಿ ಮಗನಿಗೆ ನಾನು, "ತಲೆ ಎತ್ತೋ, ಕೋಚ್ ಹೇಳಿದ ಹಾಗೆ ಕೇಳೋ," ಎಂದು ಗದರಿದ್ದೂ ನೆನಪಿದೆ. ಅವನು, "ಓಕೆ ಅಮ್ಮ, ಐ ಗೆಟ್ ಇಟ್," ಎಂದ. ಕೋಚ್ ಅವನ ಜೊತೆ ಇಡೀ ಒಂದು ವರ್ಷ ತಾಳ್ಮೆಯಿಂದ ಕೆಲಸ ಮಾಡಿದರು. ಇದು ಹೊಂದಿದರೂ ಹೊಂದದಿದ್ದರೂ ನಿಜ.

ಮೊದಲ ಸಲ ಕೈ ಜೋತುಬಿದ್ದದ್ದು ಆ ಅಕ್ಟೋಬರಿನಲ್ಲಿ, ಕಾಲೇಜಿನ ಮೈದಾನದಲ್ಲೇ. ಗುಡ್ಡೆಯಿಂದ ಐದಕ್ಕೇ ಎದ್ದ. ಆದರೆ ಒಂದು ಕೈ ಅವನ ಜೊತೆ ಏಳಲಿಲ್ಲ. ಕುತ್ತಿಗೆ ಒಂದು ಪಕ್ಕಕ್ಕೆ ಜಗ್ಗಿದಾಗ ನರಕ್ಕೆ ಪೆಟ್ಟು ಬಿದ್ದು ತೋಳಿನುದ್ದಕ್ಕೂ ಬೆಂಕಿ ಹರಿದ ಹಾಗಾಗುತ್ತದೆ, ಆಮೇಲೆ ಜೋಮು. ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಆ ಆಟದಲ್ಲಿ ಅದು ಮಾಮೂಲು. ನನಗೆ ಪುಸ್ತಕದಿಂದ ಗೊತ್ತಿತ್ತು.

ಆಟ ಮುಗಿದ ಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ.

"ಹೇಗಿದೆಯೋ?"

"ಪರವಾಗಿಲ್ಲಮ್ಮ."

ಅವನಿಗೆ ಬರುತ್ತಿದ್ದ ಕನ್ನಡ ಸ್ವಲ್ಪವೇ. ಅದರಲ್ಲಿ ಅವನು ಚೆನ್ನಾಗಿ ಪಳಗಿಸಿಕೊಂಡಿದ್ದ ಪದ ಇದೊಂದು. ನಮ್ಮ ಮನೆಯಲ್ಲಿ ಅದು ದಿನಕ್ಕೆ ಇಪ್ಪತ್ತು ಸಲ ಕೇಳಿಸುತ್ತಿತ್ತು. ಸಾರು ಹೇಗಿದೆ, ಪರವಾಗಿಲ್ಲ: ಚೆನ್ನಾಗಿದೆ, ಆದರೆ ಹೊಗಳಲಾರೆ. ತಡವಾಯಿತು ಸಾರಿ, ಪರವಾಗಿಲ್ಲ: ಕ್ಷಮಿಸಿದೆ. ಜ್ವರ ಹೇಗಿದೆ, ಪರವಾಗಿಲ್ಲ: ನಿನ್ನೆಗಿಂತ ಮೇಲು. ಬೆನ್ನು ನೋಯ್ತಿದೆಯಾ, ಪರವಾಗಿಲ್ಲ: ನೋಯುತ್ತಿದೆ, ತಡೆದುಕೊಳ್ಳುತ್ತೇನೆ, ಅದರ ಮಾತೇ ಬೇಡ. ಆ ವರ್ಷ ತಂಡ ಹೇಗಿದೆ ಎಂದು ಯಾರು ಕೇಳಿದರೂ ನನ್ನ ಗಂಡನ ಉತ್ತರವೂ ಅದೇ. ಎರಡು ಪಂದ್ಯ ಗೆದ್ದಿದ್ದರು. ಪರವಾಗಿಲ್ಲ.

ಮುಂದಿನ ವರ್ಷ, ಮಗನ ಮೂರನೆಯ ವರ್ಷ, ತಂಡ ಅಟ್ಲಾಂಟಾಕ್ಕೆ ಆಡಲು ಹೋಯಿತು. ನಾವು ಹಿಂದಿನ ದಿನವೇ ಹೊರಟು, ಕೆರೊಲಿನಾಗಳನ್ನು ದಾಟಿ, ದಾರಿಯಲ್ಲಿ ತಂಗಿ ಹೋದೆವು. ಬಿಸಿಲು ಸುಡುತ್ತಿತ್ತು. ಅಥವಾ ಮೋಡವಿತ್ತು, ಸೆಖೆ ಇತ್ತು. ನನ್ನ ಹತ್ತಿರ ಇರುವ ಒಂದೇ ಫೋಟೋದಲ್ಲಿ ಯಾರಿಗೂ ನೆರಳಿಲ್ಲ. ಬಾವುಟಗಳು ಅಲ್ಲಾಡುತ್ತಿರಲಿಲ್ಲ ಎಂದು ಬರೆಯಬಹುದು, ಆದರೆ ಬಾವುಟವನ್ನು ನಾನು ನೋಡಿರಲಿಲ್ಲ.

ಆ ದಿನ ಅವರು ಗೆಲ್ಲುತ್ತಿದ್ದರು. ಇದು ಎಲ್ಲರಿಗೂ ನೆನಪಿದೆ. ನನ್ನ ಗಂಡ ಎದ್ದು ನಿಂತಿದ್ದವರು ಕೂರಲೇ ಇಲ್ಲ. "ನೋಡಿದ್ಯಾ, ನೋಡಿದ್ಯಾ, ಗೋಡೆ ಏಳ್ತಾ ಇದೆ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಆಟದ ಮೂರನೆಯ ಭಾಗದಲ್ಲಿ ಮಗ ಗುಡ್ಡೆಯಿಂದ ಏಳಕ್ಕೆ ಎದ್ದ. ಕೈ ಜೋತಿತ್ತು.

ಅವನನ್ನು ಹೊರಗೆ ಕರೆಸಿದರು. ತಂಡದ ಜೊತೆ ಬಂದಿದ್ದ ಚಿಕಿತ್ಸಕ ಅವನ ಭುಜ ಒತ್ತಿ, ಏನೋ ಕೇಳಿ, ಕೋಚಿನ ಕಡೆ ನೋಡಿದ. ಕೋಚ್ ಪ್ರೇಕ್ಷಕರ ಸಾಲಿನತ್ತ ತಿರುಗಿ ಕೈ ಬೀಸಿ ಕರೆದರು. ನನ್ನನ್ನು.

ಕೆಳಗಿನ ಬೇಲಿಯ ತನಕ ಮೆಟ್ಟಿಲು ಇಳಿದೆ. ಬೇಲಿಯ ಆಚೆ ಕೋಚ್ ಮತ್ತು ಮಗ, ಈಚೆ ನಾನು. ಎದೆಮಟ್ಟದ ಕಬ್ಬಿಣದ ಬೇಲಿ, ಬಿಸಿಯಾಗಿತ್ತು. ಹಾಗಾದರೆ ಬಿಸಿಲೇ ಇದ್ದಿರಬೇಕು.

"ಡಾಕ್ಟರ್, ನೀವೇ ಕೇಳಿ. ನಿಮ್ಮ ಭಾಷೆಯಲ್ಲಿ ಕೇಳಿ. ಇಂಗ್ಲಿಷಲ್ಲಿ ಎಲ್ಲ ಹುಡುಗರೂ ನನಗೆ ಸುಳ್ಳು ಹೇಳ್ತಾರೆ. ತಾಯಿಗೆ ಅವರ ಭಾಷೆಯಲ್ಲಿ ಸುಳ್ಳು ಹೇಳಲಿಕ್ಕಿಲ್ಲ."

ಆ ಮನುಷ್ಯನ ಬಗ್ಗೆ ಯಾರು ಏನೇ ಹೇಳಲಿ, ಗೆಲ್ಲುತ್ತಿರುವಾಗ, ಮೂರು ವರ್ಷದ ಗಡುವು ತಲೆಯ ಮೇಲಿರುವಾಗ, ಇದನ್ನು ಕೇಳಿದರು. ಬೇಡ ಎಂದು ನಾನು ಒಂದು ಮಾತು ಹೇಳಿದ್ದರೆ ಅವನನ್ನು ಕೂರಿಸುತ್ತಿದ್ದರು.

ಬೇಲಿಯ ಮೇಲಿಂದ ಕೈ ಚಾಚಿ ಮಗನ ಬೆರಳು ಹಿಡಿದೆ. "ಹಿಂಡು," ಎಂದೆ. ಹಿಂಡಿದ. ಹಿಂಡಿದ ಎಂದೇ ನೆನಪು.

"ನಿಜ ಹೇಳೋ. ಹೇಗಿದೆ? ಆಡ್ತೀಯಾ?"

ಹಿಂದೆ ಬ್ಯಾಂಡು ಜೋರಾಗಿ ಬಾರಿಸುತ್ತಿತ್ತು. ಅವನು ಹೆಲ್ಮೆಟ್ಟಿನ ಸರಳುಗಳ ಹಿಂದಿನಿಂದ ನನ್ನನ್ನೇ ನೋಡಿದ.

ಅವನು ಹೇಳಿದ್ದು "ಪರವಾಗಿಲ್ಲಮ್ಮ" ಎಂದಿರಬಹುದು. "ಪರವಾಗಿಲ್ವಾಮ್ಮ" ಎಂದಿರಬಹುದು. ಒಂದು ಉತ್ತರ, ಇನ್ನೊಂದು ನನ್ನನ್ನೇ ಕೇಳಿದ ಪ್ರಶ್ನೆ: ಆಡಬಹುದಾ, ಏನೂ ಆಗುವುದಿಲ್ಲ ತಾನೇ, ನೀನು ಹೇಳು. ಈ ದೇಶದಲ್ಲಿ ಹುಟ್ಟಿದ ನಮ್ಮ ಮಕ್ಕಳ ಕನ್ನಡದಲ್ಲಿ ಪ್ರತಿ ವಾಕ್ಯದ ಬಾಲವೂ ಸ್ವಲ್ಪ ಮೇಲಕ್ಕೆ ಏಳುತ್ತದೆ. ಹೇಳಿಕೆ ಯಾವುದು, ಪ್ರಶ್ನೆ ಯಾವುದು ಎಂದು ಮನೆಯಲ್ಲಿ ಅವನ ಮುಖ ನೋಡಿ ತಿಳಿಯುತ್ತಿದ್ದೆ. ಇಲ್ಲಿ ಮುಖಕ್ಕೆ ಸರಳುಗಳಿದ್ದವು. ಮತ್ತೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಸುತ್ತ ಎಲ್ಲರೂ ಕಾಯುತ್ತಿದ್ದರು, ಪಂದ್ಯವೇ ಕಾಯುತ್ತಿತ್ತು, ಹಿಂದೆ ಎಲ್ಲೋ ನನ್ನ ಗಂಡ ಚಪ್ಪಾಳೆ ತಟ್ಟುತ್ತಿದ್ದರು. ದೊಡ್ಡವರನ್ನು ಕಾಯಿಸಬಾರದು ಎಂಬ ಒಂದು ಹಳೆಯ ಅವಸರ ನನ್ನೊಳಗೆ ಎದ್ದಿತು.

ಕೋಚಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಆರಾಮಾಗಿದೆಯಂತೆ," ಎಂದೆ.

ಅವನು ಹೇಳುತ್ತಾನೆ ಎಂದೆ. ನಾನು ಹೇಳುತ್ತೇನೆ ಎನ್ನಲಿಲ್ಲ. ಅಷ್ಟು ಜಾಣತನ ಆ ಗಳಿಗೆಯಲ್ಲೂ ಇತ್ತು.

ಅದಾದ ಮೇಲೆ ಎಷ್ಟನೆಯ ಗುಡ್ಡೆ ಎಂದು ಗೊತ್ತಿಲ್ಲ. ಎರಡನೆಯದೋ, ಮೂರನೆಯದೋ. ಅವನ ತಲೆ ಎತ್ತಿಯೇ ಇತ್ತು ಎಂದು ಕೋಚ್ ಆಮೇಲೆ ಹೇಳಿದರು, ಪಕ್ಕದಿಂದ ಬಂದು ಬಡಿದವನು ಇವರದೇ ತಂಡದವನು. ಎಲ್ಲರೂ ಎದ್ದರು. ನಾನು ಎಣಿಸುತ್ತಿದ್ದೆ. ಆರು. ಏಳು. ಎಂಟು. ಹುಲ್ಲಿನ ಮೇಲೆ ಅವನೊಬ್ಬನೇ ಅಂಗಾತ ಉಳಿದ. ಹನ್ನೊಂದು. ಬ್ಯಾಂಡು ನಿಂತಿತು. ಹದಿನೆಂಟರ ಮೇಲೆ ನನಗೆ ಕನ್ನಡದ ಅಂಕಿಗಳು ಸಿಗಲಿಲ್ಲ. ಹತ್ತೊಂಬತ್ತು ಎಂಬ ಪದ ಬಾಯಿಗೆ ಬರಲೊಲ್ಲದು. ಮೈದಾನದಲ್ಲಿ ಆಟಗಾರರು, ಎರಡೂ ತಂಡದವರು, ಯಾರಿಗಾದರೂ ಪೆಟ್ಟಾದಾಗ ಅಲ್ಲಿ ಮಾಡುವ ಹಾಗೆ ಒಂದು ಮೊಣಕಾಲೂರಿ ಕೂತರು. ಇವರೆಲ್ಲ ಯಾಕೆ ಹೀಗೆ ಕೂತರು, ಯಾರು ಸತ್ತರು ಎಂದು ನಾನು ಪಕ್ಕದ ಹೆಂಗಸನ್ನು ಕೇಳಿದೆನಂತೆ. ನನಗೆ ಅದು ನೆನಪಿಲ್ಲ.

ಅವನನ್ನು ಹಲಗೆಗೆ ಬಿಗಿದು, ಹೆಲ್ಮೆಟ್ ತೆಗೆಯದೆಯೇ ಸಾಗಿಸಿದರು. ತೆಗೆಯದಿರುವುದು ಸರಿಯಾದ ಕ್ರಮ. ಸರಿಯಾದ ಕ್ರಮವನ್ನು ಗುರುತಿಸಿದ ವೈದ್ಯೆ ಅಂಬುಲೆನ್ಸಿನಲ್ಲಿ ಅವನ ಷೂ ಹಿಡಿದುಕೊಂಡು ಕೂತಿದ್ದಳು. "ಕಾಲು ಅಲ್ಲಾಡಿಸೋ," ಎಂದೆ. "ಅಲ್ಲಾಡಿಸ್ತಾ ಇದೀನಲ್ಲಾ," ಎಂದ. ಷೂ ಅಲ್ಲಾಡುತ್ತಿರಲಿಲ್ಲ.

ಎಷ್ಟು ಹೊತ್ತು? ಆಸ್ಪತ್ರೆಯ ದಾಖಲೆಯಲ್ಲಿ ಒಂದು ಅಂಕಿ ಇದ್ದೀತು. ನನ್ನ ಲೆಕ್ಕದಲ್ಲಿ ಅದಕ್ಕೆ ಅಳತೆಯಿಲ್ಲ. ದಾರಿಯಲ್ಲಿ ಷೂ ಬಿಚ್ಚಿದ್ದರು; ಆಸ್ಪತ್ರೆಯ ಬಾಗಿಲಲ್ಲಿ ಗಾಲಿ ಹಾಸಿಗೆಯನ್ನು ಇಳಿಸುವಾಗ ಅವನ ಬಲಗಾಲಿನ ಹೆಬ್ಬೆರಳು ಕಾಲುಚೀಲದೊಳಗೆ ಒಮ್ಮೆ ಮಿಡಿಯಿತು. ಆಮೇಲೆ ಪಾದ. ಒಂದೆರಡು ಗಂಟೆಯಲ್ಲಿ ಕೈಗಳೂ ಬಂದವು. ಮೂಳೆ ಮುರಿದಿರಲಿಲ್ಲ. ಬೆನ್ನುಹುರಿ ಕ್ಷಣಕಾಲ ಬೆದರಿ ಸುಮ್ಮನಾಗಿತ್ತು, ಅಷ್ಟೇ, ಎಂದು ಅಲ್ಲಿನ ಡಾಕ್ಟರು ಹೇಳಿದರು. ಅಷ್ಟೇ ಎಂಬ ಪದವನ್ನು ಅವರು ಬಳಸಿದರು.

ಸಂಜೆ ಕೋಚ್ ಬಂದರು. ತಂಡದ ಬಸ್ಸನ್ನು ಸಹಾಯಕ ಕೋಚುಗಳ ಜೊತೆ ಕಳಿಸಿ ತಾವೊಬ್ಬರೇ ಉಳಿದಿದ್ದರು. ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಟೋಪಿಯನ್ನು ಮೊಣಕಾಲಿನ ಮೇಲಿಟ್ಟು, ನನ್ನ ಪಕ್ಕ ಕೂತರು. ಗೆದ್ದರೋ ಸೋತರೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

"ಅವನು ಬೇಲಿ ಹತ್ತಿರ ಹೇಳಿದ್ದು ಯಾವ ಪದ?"

ಹೇಳಿದೆ. ಅವರು ಉಚ್ಚರಿಸಲು ನೋಡಿದರು. "ಪರ್ವಗಿಲ. ಹಾಗಂದ್ರೆ?"

"ತೊಂದರೆ ಇಲ್ಲ ಅಂತ."

ಮತ್ತೆ ಸೇರಿಸಿದೆ: "ತೊಂದರೆ ಇದೆ, ಇರಲಿ ಬಿಡು, ಅಂತಲೂ ಆಗುತ್ತೆ."

ಅವರು ನನ್ನ ಕಡೆ ತಿರುಗಿದರು. ಕುತ್ತಿಗೆಯಿಲ್ಲದ್ದರಿಂದ ಇಡೀ ಮೈ ತಿರುಗಿಸಬೇಕಾಯಿತು. "ಒಂದೇ ಪದಕ್ಕಾ?"

"ಒಂದೇ ಪದಕ್ಕೆ."

"ನಿಮ್ಮ ಜನ ಹೇಗೆ ಬದುಕ್ತೀರಿ ಮ್ಯಾಮ್?" ಎಂದರು. ಬೈಗುಳವಲ್ಲ, ನಿಜವಾಗಿ ತಿಳಿಯಲು ಕೇಳಿದ ಹಾಗಿತ್ತು. ನನಗೆ ಒಮ್ಮೆಲೇ ಅಳು ಬಂತು. ಅವರು ಟೋಪಿಯನ್ನು ಇನ್ನೊಂದು ಮೊಣಕಾಲಿಗೆ ಬದಲಾಯಿಸಿದರು.

ಅಟ್ಲಾಂಟಾದವರು ನಿರ್ಧಾರವನ್ನು ನಮ್ಮೂರಿನ ಡಾಕ್ಟರಿಗೆ ಬಿಟ್ಟರು. ಬೆನ್ನುಹುರಿ ಹಾದುಹೋಗುವ ಮೂಳೆಯ ಕಾಲುವೆ ಸಾಕಷ್ಟು ಅಗಲವಿದ್ದರೆ ಮುಂದಿನ ವರ್ಷ ಆಡಬಹುದು. ಹುಟ್ಟಿನಿಂದಲೇ ಕಿರಿದಾಗಿದ್ದರೆ ಮತ್ತೆ ಎಂದೂ ಆಡಬಾರದು, ಮುಂದಿನ ಸಲ ಹೆಬ್ಬೆರಳು ಮಿಡಿಯದೇ ಇರಬಹುದು. ಮಗನಿಗೆ ಆಡಬೇಕಿತ್ತು. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಫೇರ್‌ಫ್ಯಾಕ್ಸ್‌ನ ಮನೆಯ ಅಡುಗೆಮನೆಯಲ್ಲಿ ನಿಂತು ಹೇಳಿದ: "ಅಮ್ಮ, ಒನ್ ಮೋರ್ ಇಯರ್. ನೆಕ್ಸ್ಟ್ ಇಯರ್ ನಾವು ಗುಡ್ ಆಗ್ತೀವಿ. ಐ ಡಿಡ್ ಆಲ್ ದ ಲೂಸಿಂಗ್, ಅಮ್ಮ. ಗೆಲ್ಲುವಾಗ ನಾನು ಇರಬೇಕು."

ಗಂಡ ನನ್ನನ್ನು ನೋಡಿದರು. "ನೀನು ಡಾಕ್ಟರು. ನೀನು ಹೇಳಿದ ಹಾಗೆ."

ಮೂಳೆ ತಜ್ಞರಾದ ನನ್ನ ಸಹೋದ್ಯೋಗಿ ಫಿಲ್ಮನ್ನು ನನ್ನ ವಿಭಾಗಕ್ಕೇ ಕಳಿಸಿದರು, ಅಳತೆ ನೀವೇ ಹೇಳಿಬಿಡಿ ಎಂದು. ಸ್ವಂತ ಮಗನ ಫಿಲ್ಮನ್ನು ನಾನು ಓದಬಾರದಿತ್ತು. ಇದು ಯಾವ ವೈದ್ಯರಿಗೂ ಗೊತ್ತಿರುವ ಮಾತು. ಸೋಮವಾರ, ಊಟದ ಬಿಡುವು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ರೇಡಿಯಾಲಜಿಸ್ಟ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಕುತ್ತಿಗೆಯ ಪಕ್ಕನೋಟವನ್ನು ಪೆಟ್ಟಿಗೆಗೆ ಸಿಕ್ಕಿಸಿದೆ. ಮೇಣದ ಪೆನ್ಸಿಲಿನಿಂದ ಕಾಲುವೆಯ ಮುಂದಿನ ಅಂಚಿಗೆ ಒಂದು ಚುಕ್ಕೆ, ಹಿಂದಿನ ಅಂಚಿಗೆ ಒಂದು. ಮುಂದಿನ ಅಂಚು ಸ್ಪಷ್ಟ. ಹಿಂದಿನದು ಕೂದಲೆಳೆಯಷ್ಟು ತೆಳುವಾದ ಒಂದು ಬಿಳಿ ಗೆರೆ; ಅದು ಎಲ್ಲಿ ಶುರುವಾಗುತ್ತದೆ ಎಂಬುದು ನೋಡುವವರ ಕಣ್ಣಿಗೆ ಬಿಟ್ಟದ್ದು. ಅಳತೆಪಟ್ಟಿ ಇಟ್ಟು ಅಳೆದೆ. ಚುಕ್ಕೆ ಅಳಿಸಿ ಮತ್ತೆ ಅಳೆದೆ. ಮೂರು ಸಲ ಅಳೆದೆ, ಮೂರು ಉತ್ತರ ಬಂತು. ಎರಡು ಉತ್ತರಗಳು ಆಡಬಹುದು ಎನ್ನುವ ಕಡೆಗಿದ್ದವು. ಒಂದು ಮಾತ್ರ ಈ ಕಡೆ, ಆಡಬಾರದು ಎನ್ನುವ ಕಡೆ.

ಪಕ್ಕದವನನ್ನು, ನೀನೂ ಒಮ್ಮೆ ನೋಡು, ಎನ್ನಬಹುದಿತ್ತು. ದಿನಕ್ಕೆ ನಾಲ್ಕು ಸಲ ಹಾಗೆ ಕೇಳುವುದು ನಮ್ಮ ರೂಢಿ. ಹತ್ತಿಗೆ ಸ್ಪಿರಿಟ್ ಹಚ್ಚಿ ಚುಕ್ಕೆಗಳನ್ನು ಒರೆಸಿದೆ. ಈ ಕಡೆಯ ಅಳತೆಯನ್ನು ಬರೆದೆ.

ಕೋಚಿಗೆ ನಾನೇ ಫೋನ್ ಮಾಡಿದೆ. ಕಾಲುವೆ ಕಿರಿದಾಗಿದೆ, ಇನ್ನು ಆಡುವಂತಿಲ್ಲ. ಅವರು, "ಥ್ಯಾಂಕ್ ಯೂ ಡಾಕ್ಟರ್," ಎಂದರು, ಮತ್ತೆ ಒಂದು ಸಲ ಅದನ್ನೇ ಹೇಳಿದರು. ದನಿಯಲ್ಲಿ ಇದ್ದದ್ದು ಸಮಾಧಾನ ಎಂದು ಇಷ್ಟು ವರ್ಷ ನಂಬಿದ್ದೇನೆ.

ಮುಂದಿನ ವರ್ಷ ತಂಡ ಸೋತದ್ದಕ್ಕಿಂತ ಹೆಚ್ಚು ಗೆದ್ದಿತು. ಮಗ ಮೈದಾನದ ಅಂಚಿನಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ನಿಂತಿರುತ್ತಿದ್ದ. ಕೋಚ್ ಅವನಿಗೆ ಆ ಕೆಲಸ ಕೊಟ್ಟಿದ್ದರು. ಗಂಡ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ನಾನು ಹೋಗಲಿಲ್ಲ. ಅವರು ಸಂಜೆ ಫೋನ್ ಮಾಡಿ, "ಗೆದ್ವಿ ಕಣೇ," ಎನ್ನುವರು. ಕೊನೆಯ ಪಂದ್ಯದ ಮರುದಿನ ಮಗ ಮನೆಗೆ ಬಂದವನು ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾತಾಡಿದ, ಕಾರಿನ ಟೈರಿನ ಬಗ್ಗೆ.

ಆ ಫಿಲ್ಮ್ ಈಗಿಲ್ಲ. ಹಳೆಯ ಫಿಲ್ಮುಗಳನ್ನೆಲ್ಲ ಅವುಗಳಲ್ಲಿನ ಬೆಳ್ಳಿ ತೆಗೆಯಲು ಆಸ್ಪತ್ರೆಯವರು ಕಳಿಸಿಬಿಟ್ಟರು. ಮಗನಿಗೆ ಈಗ ಕೂದಲು ನರೆಯುತ್ತಿದೆ. ಅವನ ಕುತ್ತಿಗೆಯನ್ನು ಇವತ್ತು ಬೇಕಾದರೂ ಅಳೆಸಬಹುದು, ಒಂದು ಗಂಟೆಯ ಕೆಲಸ. ಅಳೆಸು ಎಂದು ನಾನು ಹೇಳಿಲ್ಲ. ಕಾಲುವೆ ನಿಜವಾಗಿ ಕಿರಿದಾಗಿತ್ತೋ, ಹೆದರಿಕೆಯಲ್ಲಿ ನಾನೇ ಕಿರಿದು ಮಾಡಿದೆನೋ, ನನಗೆ ಗೊತ್ತಿಲ್ಲ.